ಕೋಳಿ ಅಂಗಡಿಯ ಚೀಲ ತುಂಗೆ ದಡಕ್ಕೆ ಯಾಕೆ ಬರಬೇಕು?

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವಾಗ ಕೆಲವು ತಿರುವುಗಳಲ್ಲಿ ಮೂಗು ಮುಚ್ಚಿಕೊಳ್ಳಲೇಬೇಕು. ಮೊನ್ನೆ ಗಾಡಿ ನಿಲ್ಲಿಸಿ ಇಳಿದು ನೋಡಿದೆ. ಕೋಳಿ ತ್ಯಾಜ್ಯ ತುಂಬಿ ಎಸೆದ ಗೊಬ್ಬರದ ಚೀಲ ಒಡೆದು ಪುಕ್ಕವೆಲ್ಲ ಲಂಟಾನ ಪೊದೆಗೆ ಮೆತ್ತಿಕೊಂಡಿತ್ತು. ಕರುಳಿಗೆ ನಾಯಿಗಳು ಕಿತ್ತಾಡುತ್ತಿದ್ದವು. ಸ್ವಲ್ಪ ಕೆಳಗೇ ತುಂಗೆ. ಶಿವಮೊಗ್ಗದವರು ಕುಡಿಯೋದು ಇದೇ ಹೊಳೆಯ ನೀರು.

ಅಂಗಡಿಯವರನ್ನು ಬೈದುಬಿಡೋದು ಸುಲಭ. ಒಬ್ಬರನ್ನು ಕೇಳಿದೆ. "ಎಲ್ಲಿಗೆ ಒಯ್ಯಲಿ ಹೇಳಿ ಸಾರ್, ಬಾಡಿಗೆ ನಾನೇ ಕೊಡ್ತೀನಿ" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೋಳಿಯ ತೂಕದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ನಮ್ಮ ತಟ್ಟೆಗೆ ಬರೋದೇ ಇಲ್ಲ. ಅದು ದಿನಾ ಎಲ್ಲಿಗೋ ಹೋಗಲೇಬೇಕಲ್ವಾ?

ನಮ್ಮ ಜಿಲ್ಲೆಗೆ ಬೇಕಾಗಿರೋದು ಸರಿಯಾಗಿ ನಡೆಯುವ ರೆಂಡರಿಂಗ್ ಘಟಕ, ಅಂದರೆ ಮಾಂಸದ ತ್ಯಾಜ್ಯ ಬೇಯಿಸಿ ಕೊಬ್ಬು, ಪುಡಿ ಬೇರೆ ಮಾಡುವ ಕಾರ್ಖಾನೆ. ಕೇರಳದ ಹಲವು ಜಿಲ್ಲೆಗಳಲ್ಲಿ ಕೋಳಿ ತ್ಯಾಜ್ಯಕ್ಕೆಂದೇ ಇಂಥವು ಇವೆ. ಕರುಳು, ತಲೆ, ಕಾಲು ಎಲ್ಲವನ್ನೂ ಅರೆದು, ಮುಚ್ಚಿದ ಹಂಡೆಯಲ್ಲಿ ಹಬೆಯ ಶಾಖಕ್ಕೆ ಬೇಯಿಸುತ್ತಾರೆ. ನೀರು ಆವಿಯಾಗುತ್ತದೆ. ಕೊಬ್ಬು ಹಿಂಡಿ ತೆಗೆದರೆ ಸೋಪಿಗೆ, ಬಯೋಡೀಸೆಲ್‌ಗೆ ಆಗುತ್ತದೆ. ಉಳಿದ ಹಿಂಡಿಯನ್ನು ಪುಡಿ ಮಾಡಿದರೆ ಮೀನಿಗೆ, ಸಾಕುನಾಯಿಗೆ ಪ್ರೋಟೀನ್ ಆಹಾರ. ಪುಕ್ಕದ ಕಥೆ ಬೇರೆ. ಅದು ಹೆಚ್ಚುಕಮ್ಮಿ ಪೂರ್ತಿ ಕೆರಾಟಿನ್, ನಮ್ಮ ಉಗುರು, ಕೂದಲಿನಲ್ಲಿರುವ ಗಟ್ಟಿ ಪ್ರೋಟೀನ್; ಹಾಗೇ ತಿಂದರೆ ಜೀರ್ಣ ಆಗೋದಿಲ್ಲ. ಹಬೆಯ ಒತ್ತಡದಲ್ಲಿ ಬೆಂದರೆ ಆ ಪ್ರೋಟೀನಿನ ಬಿಗಿ ಸಡಿಲವಾಗುತ್ತದೆ. ಪುಕ್ಕದ ಪುಡಿಯಲ್ಲಿ ಶೇ. 12ರ ಆಸುಪಾಸು ಸಾರಜನಕ ಇರುತ್ತದೆ, ಅದೂ ನಿಧಾನಕ್ಕೆ ಬಿಡುವಂಥದ್ದು. ನಮ್ಮ ಮಳೆಗೆ ಯೂರಿಯಾ ಕೊಚ್ಚಿಹೋಗುವ ಅಡಿಕೆ ತೋಟಗಳಿಗೆ ಇದಕ್ಕಿಂತ ಇನ್ನೇನು ಬೇಕು?

ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬಾರದು. 1986ರಲ್ಲಿ ಬ್ರಿಟನ್‌ನಲ್ಲಿ ಹುಚ್ಚು ಹಸು ರೋಗ ಪತ್ತೆಯಾಯಿತು. ದನ, ಕುರಿಗಳ ಮಾಂಸ-ಮೂಳೆ ಪುಡಿಯನ್ನೇ ದನಗಳಿಗೆ ತಿನ್ನಿಸಿದ್ದರಿಂದ ಅದು ಹರಡಿತ್ತು. ಆ ರೋಗ ತರುವ ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನ್ ಮಾಮೂಲಿ ಬೇಯಿಸಿದರೆ ನಾಶವಾಗೋದಿಲ್ಲ. ಆಮೇಲೆ ಯುರೋಪಿನವರು ಕಟ್ಟುನಿಟ್ಟು ಮಾಡಿದರು. ಅವರ ಒಂದು ವಿಧಾನದಲ್ಲಿ ತುಂಡು 50 ಮಿಲಿಮೀಟರ್ ಮೀರಬಾರದು, 133 ಡಿಗ್ರಿ ಶಾಖ, 3 ಬಾರ್ ಒತ್ತಡ, 20 ನಿಮಿಷ. ನಮ್ಮಲ್ಲಿ ಹಸು ಇಲ್ಲದ ತೋಟದ ಮನೆ ಕಮ್ಮಿ. ಆದ್ದರಿಂದ ಈ ಪುಡಿ ಕೊಟ್ಟಿಗೆ ಕಡೆ ಸುಳಿಯಬಾರದು. ತೋಟಕ್ಕೆ ಹಾಕಿದರೂ ಹಸು ಬಾಯಿ ಹಾಕದಂತೆ ಮಣ್ಣು ಮುಚ್ಚಬೇಕು.

"ನಮ್ಮೂರಲ್ಲಿ ಬೇಡ, ನಾತ ಹೊಡೆಯುತ್ತೆ" ಅನ್ನುವವರ ಭಯ ಸುಳ್ಳಲ್ಲ. ಆದರೆ ನಾತ ಜಾಸ್ತಿ ಬರೋದು ಕೊಳೆತ ಮಾಲಿನಿಂದ. ಅದೇ ರಾತ್ರಿ ಮುಚ್ಚಿದ ಗಾಡಿಯಲ್ಲಿ ಒಯ್ದು ಬೇಯಿಸಿ, ಹಬೆಯನ್ನು ತಣಿಸಿ, ಉಳಿದ ಗಾಳಿಯನ್ನು ಮರದ ಚಕ್ಕೆಯ ಮೇಲಿನ ಸೂಕ್ಷ್ಮಜೀವಿಗಳು ನಾತ ತಿನ್ನುವ ಬಯೋಫಿಲ್ಟರ್‌ನಲ್ಲಿ ಹಾಯಿಸಿದರೆ ಬಹಳಷ್ಟು ತಡೆಯಬಹುದು. ಇದಕ್ಕೆಲ್ಲ ದುಡ್ಡು ಬೇಕು, ನಿಜ. ಅಂಗಡಿಯವರು ಕಿಲೋಗೆ ಇಷ್ಟು ಅಂತ ಕೊಡಲಿ. ಲೈಸೆನ್ಸ್ ನವೀಕರಿಸುವಾಗ ಪಂಚಾಯ್ತಿ ಘಟಕದ ರಸೀದಿ ಕೇಳಲಿ. ಮುಂದಿನ ಗ್ರಾಮಸಭೆಯಲ್ಲಿ ನಾನು ಇದನ್ನೇ ಎತ್ತುತ್ತೇನೆ, ನಿಮ್ಮ ಊರಿನಲ್ಲಿ ನೀವೂ ಎತ್ತಿ.