ದೇಶ ಪಾಲಾದರೆ ಪಿಂಚಣಿ ಯಾರ ತಲೆಗೆ?

ಬ್ರಿಟನ್ನಿನಿಂದ ಬೇರೆಯಾಗಬೇಕೇ ಎಂದು ಸ್ಕಾಟ್ಲೆಂಡಿನ ಜನ 2014ರ ಸೆಪ್ಟೆಂಬರ್ 18ರಂದು ಮತ ಹಾಕಿದರು. ಶೇ 55ರಷ್ಟು ಮಂದಿ ಬೇಡ ಎಂದರು. ಒಂದು ಜಗಳ ಮಾತ್ರ ಹಾಗೇ ಉಳಿದಿದೆ. ಮುಂದೆಂದಾದರೂ ಬೇರೆಯಾದರೆ ಅಲ್ಲಿನ ವಯಸ್ಸಾದವರ ಪಿಂಚಣಿಯನ್ನು ಲಂಡನ್ ಕೊಡಬೇಕೇ?

ಪರ: ಹಣ ಇಸ್ಕೊಂಡವರೇ ಕೊಡಲಿ

ಗ್ಲಾಸ್ಗೋದ ಒಬ್ಬ ಬಸ್ ಡ್ರೈವರ್ ಅಂದುಕೊಳ್ಳಿ. ನ್ಯಾಷನಲ್ ಇನ್ಶೂರೆನ್ಸ್ ಎಂದು ಅವನ ಸಂಬಳದಲ್ಲಿ ತಿಂಗಳು ತಿಂಗಳೂ ಮುರಿದುಕೊಂಡಿದ್ದಾರೆ. ಈಗಿನ ನಿಯಮದಲ್ಲಿ ಪೂರ್ತಿ ಪಿಂಚಣಿ ಬೇಕಾದರೆ ಸಾಮಾನ್ಯವಾಗಿ 35 ವರ್ಷ ಈ ವಂತಿಗೆ ಕಟ್ಟಿರಬೇಕು. ಕಟ್ಟಿದ್ದಾನೆ. ಹಣ ಹೋದದ್ದು ಲಂಡನ್ನಿನ ಖಜಾನೆಗೆ.

ಅವನು ನಾಳೆ ಸ್ಪೇನಿಗೆ ಹೋಗಿ ನೆಲೆಸಿದರೂ ಪಿಂಚಣಿ ಬರುತ್ತದೆ. ವರ್ಷವರ್ಷ ಏರುತ್ತದೆ ಕೂಡ. ಅಷ್ಟೇಕೆ, ಲಂಡನ್ನಿನಲ್ಲಿ ದುಡಿದು ಮೈಸೂರಿಗೆ ವಾಪಸ್ ಬಂದವರಿಗೂ ಬರುತ್ತದೆ. (ಭಾರತದಲ್ಲಿದ್ದರೆ ಮೊತ್ತ ಏರುವುದಿಲ್ಲ. ಅದು ಬೇರೆಯೇ ಸಂಕಟ.) ಮನುಷ್ಯ ದೇಶ ಬಿಟ್ಟು ಹೋದರೆ ಪಿಂಚಣಿ ಅವನ ಹಿಂದೆ ಹೋಗುತ್ತದೆ. ಅವನು ಕೂತಲ್ಲೇ ಕೂತಿದ್ದು, ದೇಶವೇ ಅವನನ್ನು ಬಿಟ್ಟು ಹೋದರೆ ನಿಂತುಬಿಡಬೇಕೇ?

ವಿಳಾಸ ನೋಡಿ ಪಾಲು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಚೆಕೊಸ್ಲೊವಾಕಿಯಾ ಇದೆ. 1993ರಲ್ಲಿ ಅದು ಎರಡಾಯಿತು. ಹಿಂದಿನ ಸೇವೆಯ ಪಿಂಚಣಿಯನ್ನು, ಕಂಪನಿಯ ಮುಖ್ಯ ಕಚೇರಿ ಯಾವ ಕಡೆ ಇತ್ತೋ ಆ ದೇಶ ಕೊಡಬೇಕು ಎಂದು ಒಪ್ಪಂದವಾಯಿತು. ಚೆಕ್ ನೆಲದಲ್ಲೇ ದುಡಿದವರಲ್ಲೂ ಕೆಲವರು, ಕಚೇರಿ ಸ್ಲೊವಾಕಿಯಾದಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಕಡಿಮೆ ಪಿಂಚಣಿಗೆ ಬಿದ್ದರು. ಜಗಳ ಎಲ್ಲಿಗೆ ಮುಟ್ಟಿತೆಂದರೆ, 2012ರಲ್ಲಿ ಚೆಕ್ ಸಂವಿಧಾನ ನ್ಯಾಯಾಲಯ ಯುರೋಪಿಯನ್ ಒಕ್ಕೂಟದ ನ್ಯಾಯಾಲಯದ ತೀರ್ಪನ್ನೇ ಒಪ್ಪಲಿಲ್ಲ. ಅದರ ಬದಲು ಯಾರ ಲೆಕ್ಕಕ್ಕೆ ಕಟ್ಟಿದ್ದರೋ ಅವರೇ ಕೊಡುವುದು ಸುಲಭ, ಅಲ್ವಾ?

ವಿರೋಧ: ಹುಂಡಿಯೇ ಇಲ್ಲವಲ್ಲ!

ಕಟ್ಟಿದ ಹಣ ಅಂತೀರಿ, ಅದು ಎಲ್ಲಿದೆ? ಇದು ನಮ್ಮ ಪಿಎಫ್ ಥರ ಅಲ್ಲ. ಡ್ರೈವರ್ ಹೆಸರಿನಲ್ಲಿ ಹುಂಡಿ ಇಟ್ಟಿಲ್ಲ. ಅವನು ಕಟ್ಟಿದ್ದು ಆಗಿನ ವಯಸ್ಸಾದವರಿಗೆ ಆಗಲೇ ಹಂಚಿಹೋಗಿದೆ. ಅವನಿಗೆ ಬರುವುದು ಈಗ ದುಡಿಯುತ್ತಿರುವವರ ಸಂಬಳದಿಂದ. ಸ್ಕಾಟ್ಲೆಂಡ್ ಬೇರೆಯಾದ ದಿನದಿಂದ ಅಲ್ಲಿನ ದುಡಿಯುವವರ ವಂತಿಗೆ ಎಡಿನ್‌ಬರೋಗೆ ಹೋಗುತ್ತದೆ. ಹಾಗಿರುವಾಗ ಸ್ಕಾಟ್ಲೆಂಡಿನ ಪಿಂಚಣಿಯನ್ನು ಇಂಗ್ಲೆಂಡಿನ ನರ್ಸು, ಗಾರೆ ಕೆಲಸದವನು ಯಾಕೆ ಹೊರಬೇಕು?

ಸ್ಪೇನಿನ ಮಾತು ಇಲ್ಲಿ ಹೊಂದುವುದಿಲ್ಲ. ಅಲ್ಲಿಗೆ ಹೋದವರು ಬಿಡಿಬಿಡಿ ಜನ. ಇಲ್ಲಿ ದುಡಿಯುವ ಕೈ, ತೆರಿಗೆ, ಜಮೀನು ಎಲ್ಲ ಒಟ್ಟಿಗೇ ಹೋಗುತ್ತದೆ. ಮನೆ ಪಾಲಾಗುವಾಗ ಗದ್ದೆ ನನಗಿರಲಿ, ಸಾಲ ಅಣ್ಣನಿಗಿರಲಿ ಅಂದರೆ ಪಂಚಾಯ್ತಿಯಲ್ಲಿ ಯಾರಾದರೂ ಒಪ್ತಾರಾ?

ಐರ್ಲೆಂಡ್ ಇದನ್ನು ಅನುಭವಿಸಿದೆ. ವೃದ್ಧಾಪ್ಯ ಪಿಂಚಣಿಯನ್ನು ಅಲ್ಲಿಗೆ ತಂದದ್ದು ಬ್ರಿಟನ್ನಿನ 1908ರ ಕಾನೂನು. 1922ರಲ್ಲಿ ದೇಶ ಬೇರೆಯಾದಾಗ ಅದು ಡಬ್ಲಿನ್ ಸರ್ಕಾರದ ಹೆಗಲೇರಿತು. ಕೈ ಬಿಗಿಯಾಯಿತು. 1924ರಲ್ಲಿ ವಾರದ 10 ಶಿಲಿಂಗನ್ನು 9ಕ್ಕೆ ಇಳಿಸಿದರು. ಬಡ ಮುದುಕರ ಒಂದು ಶಿಲಿಂಗ್ ಕಿತ್ತುಕೊಂಡದ್ದು ಚೆನ್ನಾಗಿರಲಿಲ್ಲ, ನಿಜ. ಆದರೂ ಅದು ಅವರದೇ ಲೆಕ್ಕವಾಗಿತ್ತು. ತಮ್ಮನ್ನೇ ಹತ್ತಿಕ್ಕಿದ ಹಳೆಯ ಪೊಲೀಸ್ ಪಡೆಯ ಪಿಂಚಣಿಯಲ್ಲೂ ಶೇ 75 ಕೊಡಲು 1926ರಲ್ಲಿ ಡಬ್ಲಿನ್ ಒಪ್ಪಿತು! ಭಾರತವೂ ಅಷ್ಟೇ. ಇಲ್ಲಿ ಅಧಿಕಾರ ನಡೆಸಿ ಹೋದ ಬ್ರಿಟಿಷರ ಪಿಂಚಣಿಗೆಂದು 1948ರಲ್ಲಿ ಲಂಡನ್ನಿಗೆ ಇಡಿಗಂಟು ಕೊಟ್ಟಿತು. ಯುದ್ಧಕಾಲದಲ್ಲಿ ಬ್ರಿಟನ್ ನಮಗೆ ಉಳಿಸಿಕೊಂಡಿದ್ದ ಬಾಕಿಯಲ್ಲೇ ಅದನ್ನು ಮುರಿದುಕೊಂಡರು.

ಸ್ಕಾಟ್ಲೆಂಡಿನ ಸರ್ಕಾರಕ್ಕೂ ಇದು ಗೊತ್ತಿತ್ತು. ನಮ್ಮಲ್ಲಿರುವವರ ಪಿಂಚಣಿ ನಮ್ಮದೇ ಹೊಣೆ ಎಂದು 2013ರ ತನ್ನ ಶ್ವೇತಪತ್ರದಲ್ಲಿ ಬರೆದಿತ್ತು. 2022ರಲ್ಲಿ, ಆ ಸರ್ಕಾರ ನಡೆಸುತ್ತಿದ್ದ ಸ್ಕಾಟಿಷ್ ನ್ಯಾಷನಲ್ ಪಕ್ಷದ ಸಂಸದ ಇಯಾನ್ ಬ್ಲ್ಯಾಕ್‌ಫರ್ಡ್, ಅದು ಲಂಡನ್ನಿನ ಹೊಣೆ ಎಂದರು. 2014ರಲ್ಲಿ ‘ಬೇಡ’ ಎಂದವರಲ್ಲಿ ವಯಸ್ಸಾದವರೇ ಜಾಸ್ತಿ ಇದ್ದರು. ಅದು ಬ್ಲ್ಯಾಕ್‌ಫರ್ಡ್ ಅವರಿಗೆ ನೆನಪಾಯಿತೋ ಏನೋ.