ಯಾವ ಸಿನಿಮಾದ ಹಾಡು ಇದು?

2016ರಲ್ಲಿ ಕೆಲಸದ ಮೇಲೆ ಎಂಟು ತಿಂಗಳು ನಗೋಯಾದಲ್ಲಿದ್ದೆ. ಒಂದು ಶುಕ್ರವಾರ ರಾತ್ರಿ ಆಫೀಸಿನವರೆಲ್ಲ ಕರೋಕೆಗೆ ಹೋದೆವು. ನಮ್ಮ ತಂಡದಲ್ಲಿ ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಹಿರಿಯ ಎಂಜಿನಿಯರ್ ಒಬ್ಬರಿದ್ದರು. ಇಡೀ ದಿನ ಡ್ರಾಯಿಂಗ್ ಮುಂದೆ ಕೂತು ತುಟಿ ಬಿಚ್ಚದ ಮನುಷ್ಯ. ಅವರು ಎದ್ದು ಮೈಕು ಹಿಡಿದು ಮೆಲುದನಿಯಲ್ಲಿ ಒಂದು ಹಾಡು ಶುರು ಮಾಡಿದರು. ಗಾಳಿ, ಆಕಾಶ, ಪ್ರೀತಿ ಅನ್ನೋವಷ್ಟು ಮಾತ್ರ ನನ್ನ ಅರೆಬರೆ ಜಪಾನಿಗೆ ಸಿಕ್ಕಿತು. ಮುಗಿಯುವ ಹೊತ್ತಿಗೆ ಅರ್ಧ ಕೋಣೆ ದನಿಗೂಡಿಸಿತ್ತು. ಮೈಸೂರಿನವನ ಬಾಯಿಗೆ ಇನ್ನೇನು ಬರುತ್ತೆ? "ಇದು ಯಾವ ಸಿನಿಮಾದ ಹಾಡು?" ಅಂದೆ.

"ಸಿನಿಮಾದ್ದಲ್ಲ, ಸ್ಕೈಲೈನಿಂದು" ಅಂದರು.

ಸ್ಕೈಲೈನ್ ಅಂದರೆ ನಿಸ್ಸಾನ್ ಕಂಪನಿಯ ಕಾರು! ಆಮೇಲೆ ನನ್ನ ಸರದಿ ಬಂತು. ಮೆಷಿನ್ನಿನಲ್ಲಿ ಕನ್ನಡ ಎಲ್ಲಿಂದ ಬರಬೇಕು, ಬರೀ ಬಾಯಲ್ಲೇ ಒಂದು ಹಳೇ ಹಾಡು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹುಡುಗ ಬಗ್ಗಿ ಕೇಳಿದ: "ಇದು ಯಾವುದರ ಜಾಹೀರಾತಿನಲ್ಲಿ ಬಂದಿತ್ತು?"

ಅವತ್ತಿನಿಂದ ನನಗೆ ಇದೊಂದು ಹುಚ್ಚು. ರಾತ್ರಿ ಊಟ ಆದಮೇಲೆ ಯೂಟ್ಯೂಬಿನಲ್ಲಿ ಜಪಾನಿನ ಹಳೇ ಕಾರು ಜಾಹೀರಾತು ನೋಡುತ್ತಾ ಕೂರುತ್ತೇನೆ. ಹೆಂಡತಿ ಬೈದೂ ಬೈದೂ ಸುಮ್ಮನಾಗಿದ್ದಾಳೆ.

ಆ ಹಿರಿಯರು ಹಾಡಿದ್ದು 1972ರ ಹಾಡು. ಹಾಡಿದವರು ಬಝ್ ಅನ್ನೋ ಜೋಡಿ. ಜಾಹೀರಾತಿನಲ್ಲಿ ಕೆನ್ ಅನ್ನೋ ಹುಡುಗ, ಮೇರಿ ಅನ್ನೋ ಹುಡುಗಿ, ಅವರ ಹೊಸ ಸ್ಕೈಲೈನ್. ಇಬ್ಬರೂ ಊರೂರು ಸುತ್ತುತ್ತಾರೆ, ಅಷ್ಟೇ ಕಥೆ. ಜನ ಆ ಕಾರಿಗೇ 'ಕೆನ್‌ಮೇರಿ' ಅಂತ ಅಡ್ಡಹೆಸರಿಟ್ಟರು. ಸ್ಕೈಲೈನ್ ಸಾಲಿನಲ್ಲೇ ಅತಿ ಹೆಚ್ಚು ಮಾರಾಟವಾದ ತಲೆಮಾರು ಅದು. ಹೊಕ್ಕೈಡೊದ ಬಿಯೆಯ್ ಊರಿನ ಹೊಲಗಳ ನಡುವೆ ನಿಂತ ಒಂದು ಪಾಪ್ಲರ್ ಮರ ಆ ಜಾಹೀರಾತಿನಲ್ಲಿ ಕಾಣಿಸಿಕೊಂಡಿತ್ತು. ಅದಕ್ಕೆ ಇವತ್ತಿಗೂ 'ಕೆನ್ ಮತ್ತು ಮೇರಿ ಮರ' ಅಂತಲೇ ಹೆಸರು, ಜನ ಬಸ್ಸಿಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. (ಅದೇ ಊರಿನ ಇನ್ನೊಂದು ಮರ ಪ್ರಸಿದ್ಧವಾಗಿದ್ದು ಸಿಗರೇಟು ಪ್ಯಾಕಿನ ಮೇಲೆ ಬಂದಿದ್ದಕ್ಕೆ. ಮರಗಳ ಹಣೆಬರಹ ನೋಡಿ.) 1972ರಲ್ಲಿ ನಮ್ಮ ಹಿರಿಯರಿಗೆ ಹದಿನಾಲ್ಕು ವರ್ಷ. ಆ ಕಾರು ಅವರ ಮನೆಗೆ ಯಾವತ್ತೂ ಬರಲಿಲ್ಲವಂತೆ. ಹಾಡು ಮಾತ್ರ ಬಂದು ಉಳಿದುಬಿಟ್ಟಿತು.

ಫ್ರೆಂಡ್ಸ್ ಹತ್ರ ಇದನ್ನೆಲ್ಲ ಹೇಳಿದರೆ "ಥೂ, ದುಡ್ಡಿಗೆ ಬರೆದ ಹಾಡು ಕಣೋ" ಅಂತಾರೆ. ನಮ್ಮ ಸಿನಿಮಾ ಹಾಡುಗಳನ್ನೇನು ಪುಕ್ಕಟೆ ಬರೆದರಾ? ನಿರ್ಮಾಪಕರ ದುಡ್ಡು, ನಿರ್ದೇಶಕರು ಹೇಳಿದ ಸನ್ನಿವೇಶ, ಎಷ್ಟೋ ಸಲ ಟ್ಯೂನೂ ಮೊದಲೇ ರೆಡಿ, ಅದಕ್ಕೆ ಪದ ಕೂಡಿಸಬೇಕು. ಅಷ್ಟೆಲ್ಲ ಕಟ್ಟಿಗೆ ಸಿಕ್ಕಿಯೂ ನಮ್ಮ ಕವಿಗಳು ಎಂಥೆಂಥ ಹಾಡು ಕೊಟ್ಟರು. ನಮ್ಮಲ್ಲಿ ಹಾಡಿಗೆ ಸಿನಿಮಾ ತವರುಮನೆ ಆದ ಹಾಗೆ ಅಲ್ಲಿ ಎಷ್ಟೋ ಹಾಡಿಗೆ ಜಾಹೀರಾತು. ಅಲ್ಲಿಯವರ ಕಟ್ಟುಪಾಡು ಒಂದು ಕೈ ಹೆಚ್ಚೇ ಅನ್ನಿ: ಕಾರಿಗಾಗಿ ಹಾಡು ಬರೀಬೇಕು, ಆದರೆ ಕಾರಿನ ಮಾತೆತ್ತಬಾರದು.

ಈ ಚಾಳಿ ಹುಟ್ಟಿನಿಂದಲೇ ಬಂದದ್ದು. ಜಪಾನಿನ ಮೊದಲ ಖಾಸಗಿ ರೇಡಿಯೋ ಪ್ರಸಾರ ಶುರುವಾಗಿದ್ದು 1951ರಲ್ಲಿ, ಅದೂ ಇದೇ ನಗೋಯಾದಿಂದ. ಅದೇ ವರ್ಷ ಮಿಕಿ ತೊರಿರೊ ಅನ್ನೋ ಸಂಗೀತಗಾರರು ಒಂದು ಫೋಟೋ ಸಾಮಗ್ರಿ ಕಂಪನಿಗೆ ಹವ್ಯಾಸಿ ಫೋಟೋಗ್ರಾಫರನ ಮೇಲೆ ತಮಾಷೆಯ ಹಾಡು ಬರೆದರು. ಜಪಾನಿನ ಮೊಟ್ಟಮೊದಲ ಜಾಹೀರಾತು ಹಾಡು ಅಂತ ಎಣಿಸೋದು ಅದನ್ನೇ. ಅದರಲ್ಲಿ ಕಂಪನಿಯ ಹೆಸರಿಲ್ಲ, ಸಾಮಾನಿನ ಹೆಸರೂ ಇಲ್ಲ! ನಮ್ಮ 'ಹಮಾರಾ ಬಜಾಜ್' ಕೇಳಿ ಬೆಳೆದ ಕಿವಿಗೆ ಇದು ನಂಬೋ ಮಾತೇ ಅಲ್ಲ. ಅದರ ಮೇಲೆ ನಮಗೆ ಕಾರು ಮಾರೋದು ಅಂದರೆ "ಕಿತನಾ ದೇತೀ ಹೈ".

ನನಗೆ ತುಂಬಾ ಇಷ್ಟವಾದದ್ದು 1983ರ ಹೋಂಡಾ ಸಿವಿಕ್ಕಿಂದು. ಅದಕ್ಕೆ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ 'ವಾಟ್ ಎ ವಂಡರ್‌ಫುಲ್ ವರ್ಲ್ಡ್' ಬಳಸಿಕೊಂಡರು. ಆ ಮುದುಕ ತೀರಿಕೊಂಡು ಆಗಲೇ ಹನ್ನೆರಡು ವರ್ಷ. 1967ರಲ್ಲಿ ಹಾಡು ಬಂದಾಗ ಇಂಗ್ಲೆಂಡಿನವರು ತಲೆ ಮೇಲೆ ಹೊತ್ತುಕೊಂಡರು, ಸ್ವಂತ ದೇಶ ಅಮೆರಿಕಾ ಕ್ಯಾರೇ ಅನ್ನಲಿಲ್ಲ. ಅಲ್ಲಿ ಅದು ಹಿಟ್ ಆಗಿದ್ದು 1988ರಲ್ಲಿ, ಒಂದು ಸಿನಿಮಾದಲ್ಲಿ ಬಂದಮೇಲೆ. ಅಂದರೆ ಅಮೆರಿಕಾದವರಿಗಿಂತ ಐದು ವರ್ಷ ಮುಂಚೆಯೇ ಜಪಾನಿನ ಮನೆಮನೆಯ ಟಿವಿಯಲ್ಲಿ ಆ ಒಡಕು ದನಿ ಕೇಳಿಸುತ್ತಿತ್ತು. ಕಾರಿಗೂ 'ವಂಡರ್ ಸಿವಿಕ್' ಅನ್ನೋ ಹೆಸರೇ ಅಂಟಿಕೊಂಡಿತು.

ಹೆಸರು ಕೂಗುವ ಹಾಡು ಇಲ್ಲವೇ ಇಲ್ಲ ಅಂತಲ್ಲ. 1981ರ ಹೋಂಡಾ ಸಿಟಿಗೆ ಲಂಡನ್ನಿನ ಮ್ಯಾಡ್‌ನೆಸ್ ತಂಡದವರು ಜರಿಹುಳದ ಥರ ಒಬ್ಬರ ಹಿಂದೊಬ್ಬರು ಸಾಲಾಗಿ ಕಾಲೆತ್ತಿ ಹಾಕುತ್ತಾ "ಹೋಂಡಾ ಹೋಂಡಾ ಹೋಂಡಾ" ಅಂತ ಬಂದರು. ನಮ್ಮೂರಿನ ಉದ್ದನೆಯ ಸಿಟಿ ಅಲ್ಲ, ಇದು ಡಬ್ಬಿಯಂಥ ಪುಟಾಣಿ ಗಾಡಿ. ಒಂದು ಸಲ ನೋಡಿದರೆ ಎರಡು ದಿನ ತಲೆಯಿಂದ ಇಳಿಯಲ್ಲ. ಇನ್ನೊಂದು, 1995ರಲ್ಲಿ ಒಜಾವಾ ಕೆಂಜಿ ಹಾಡಿದ್ದು. ಶೀರ್ಷಿಕೆಯೇ 'ಕೊರೋಲಾ ಟೂ ಹತ್ತಿ' ಅಂತ, ಕೊರೋಲಾ ಟೂ ಅಂದರೆ ಟೊಯೊಟಾ ಕಾರು. ಹೆಸರು ಬಂತಲ್ಲ, ಇನ್ನು ಹೊಗಳಿಕೆ ಬರುತ್ತೆ ಅಂತ ಕಾದರೆ ಹಾಡಿನ ಪುಣ್ಯಾತ್ಮ ಅಂಗಡಿಗೆ ಹೊರಟಿದ್ದಾನೆ, ದಾರೀಲಿ ಪರ್ಸ್ ಮರೆತು ಬಂದದ್ದು ಗೊತ್ತಾಗುತ್ತೆ, ಆಯ್ತು ಅಂತ ಸುಮ್ಮನೆ ಹಾಗೇ ಗಾಡಿ ಓಡಿಸಿಕೊಂಡು ಹೋಗ್ತಾನೆ. ದುಡ್ಡೇ ಇಲ್ಲದ ಗಿರಾಕಿಯ ಮೇಲೆ ಹಾಡು ಕಟ್ಟಿ ಕಾರು ಮಾರಿದರಲ್ಲ, ಅದಕ್ಕೆ ನನ್ನದೊಂದು ನಮಸ್ಕಾರ.

ಹಾಡುಗಾರನನ್ನು ಕರೆಸಿ ಮಾತಾಡಿಸಿದ್ದೂ ಉಂಟು. 1988ರ ಸೆಪ್ಟೆಂಬರಿನಲ್ಲಿ ನಿಸ್ಸಾನ್ ಸೆಫಿರೋ ಬಂತು. ದೊಡ್ಡ ಗಾಯಕ ಇನೌಎ ಯೋಸುಯಿ ಕಪ್ಪು ಕನ್ನಡಕ ಹಾಕಿಕೊಂಡು ಕಾರಿನೊಳಗೆ ಕೂತಿರುತ್ತಾರೆ, ಕಿಟಕಿ ಗಾಜು ಇಳಿಯುತ್ತೆ, "ಎಲ್ಲರೂ ಆರೋಗ್ಯವಾಗಿದ್ದೀರಾ?" ಅಂತ ರಾಗವಾಗಿ ಕೇಳಿ ಹೊರಟು ಹೋಗುತ್ತಾರೆ. ಅಷ್ಟರಲ್ಲಿ ಅದೇ ತಿಂಗಳು ಚಕ್ರವರ್ತಿ ಹಿರೋಹಿತೊ ಹಾಸಿಗೆ ಹಿಡಿದರು. ದೇಶವೆಲ್ಲ ಹಬ್ಬ, ಮದುವೆಗಳ ಗದ್ದಲ ತಗ್ಗಿಸಿ ಕೂತಿರುವಾಗ ಟಿವಿಯಲ್ಲಿ ಒಬ್ಬ ನಗುನಗುತ್ತಾ ಆರೋಗ್ಯ ವಿಚಾರಿಸಿದರೆ ಹೇಗಿರುತ್ತೆ? ಆ ಮಾತಿನ ಸದ್ದನ್ನೇ ತೆಗೆದುಹಾಕಿದರು. ಚಿತ್ರ ಹಾಗೇ ಉಳಿಯಿತು: ಗಾಜು ಇಳಿಯುತ್ತೆ, ಬಾಯಿ ಆಡುತ್ತೆ, ಮಾತಿಲ್ಲ. ಚಕ್ರವರ್ತಿ ತೀರಿಕೊಂಡಿದ್ದು 1989ರ ಜನವರಿ 7ಕ್ಕೆ. ಆ ದಿನಗಳ ಬಗ್ಗೆ ಏನೇನೋ ಓದಿದ್ದೇನೆ, ನನಗೆ ನೆನಪಿರೋದು ಈ ಮೂಕ ಬಾಯಿ.

ಈಗಿನವುಗಳ ಮೇಲೆ ನನಗೊಂದಿಷ್ಟು ತಕರಾರಿದೆ. ಅಲ್ಲಿ ಟಿವಿ ಜಾಹೀರಾತಿನ ಸಾಮಾನ್ಯ ಅಳತೆ ಹದಿನೈದು ಸೆಕೆಂಡು. ಇತ್ತೀಚಿನ ಕೆಲವು ಹಾಡು ಪೂರ್ತಿ ಕೇಳಿದರೆ ಮೊದಲು ಆ ಹದಿನೈದು ಸೆಕೆಂಡು ಮಾಡಿಕೊಂಡು, ಮಿಕ್ಕಿದ್ದನ್ನು ಸುತ್ತ ಗೋಡೆ ಎಬ್ಬಿಸಿದ ಹಾಗೆ ಕಟ್ಟಿದ್ದಾರೆ ಅನ್ನಿಸುತ್ತೆ. ಎಲ್ಲವೂ ಅಲ್ಲ. ನಾನು ಅಲ್ಲಿದ್ದ ವರ್ಷವೇ ಹೋಂಡಾ ವೆಝೆಲ್ ಜಾಹೀರಾತಿನಲ್ಲಿ ಸಚ್‌ಮೋಸ್ ತಂಡದ 'ಸ್ಟೇ ಟ್ಯೂನ್' ಬಂದಿತ್ತು. ಹೋಟೆಲ್ ರೂಮಿನಲ್ಲಿ ಅದು ಬಂದಾಗೆಲ್ಲ ಹಲ್ಲುಜ್ಜೋದು ನಿಲ್ಲಿಸಿ ಕೇಳುತ್ತಿದ್ದೆ. ಆ ತಂಡದ ಹೆಸರು ಹುಟ್ಟಿದ್ದು 'ಸ್ಯಾಚ್ಮೊ' ಅನ್ನೋದರಿಂದ, ಅಂದರೆ ಲೂಯಿ ಆರ್ಮ್‌ಸ್ಟ್ರಾಂಗಿನ ಅಡ್ಡಹೆಸರು! ಮೂವತ್ಮೂರು ವರ್ಷ ಬಿಟ್ಟು ಮುದುಕ ಅದೇ ಕಂಪನಿಯ ಇನ್ನೊಂದು ಕಾರು ಹತ್ತಿದ ಹಾಗಾಯ್ತು.

2021ರಲ್ಲಿ ವೆಝೆಲ್‌ನ ಹೊಸ ಮಾಡೆಲ್ ಬಂತು. ಅದಕ್ಕೆ ಹಾಡು ಬರೆದದ್ದು ಒಕಾಯಾಮಾ ಕಡೆಯ ಹುಡುಗ ಫುಜಿಯಿ ಕಾಜೆ, ಹಾಡು 'ಕಿರಾರಿ'. ಕಾರಿನ ಸುದ್ದಿಯೇ ಇಲ್ಲ, ಮೈ ತಾನಾಗಿ ತೂಗುತ್ತೆ. ಆ ಕಾರು ನಮ್ಮಲ್ಲಿ ಸಿಗಲ್ಲ, ಸಿಕ್ಕಿದ್ದರೂ ನನ್ನ ಕೈಗೆ ಎಟುಕುತ್ತಿರಲಿಲ್ಲ ಬಿಡಿ. ಹೋದ ತಿಂಗಳು ಅಮ್ಮನ ಪಕ್ಕ ಕೂತು ಫೋನಿನಲ್ಲಿ ಅದನ್ನೇ ಹಾಕಿದ್ದೆ. ಅಮ್ಮ ಪ್ರತಿ ಗುರುವಾರ ಸಾಯಿ ಭಜನೆಗೆ ಹೋಗೋರು. ಹಾಡಿನ ಕಡೆ ಲಕ್ಷ್ಯವೇ ಇರಲಿಲ್ಲ, ಕನ್ನಡಕ ಏರಿಸಿ ತೆರೆಯ ಮೇಲಿದ್ದ ಆಲ್ಬಮ್ಮಿನ ಹೆಸರು ಓದುತ್ತಿದ್ದರು. 'ಲವ್ ಆಲ್ ಸರ್ವ್ ಆಲ್'. ಅದಕ್ಕೆ ಮುಂಚಿನ ಆಲ್ಬಮ್ಮು 'ಹೆಲ್ಪ್ ಎವರ್ ಹರ್ಟ್ ನೆವರ್' ಅಂತ ತೋರಿಸಿದೆ. ವೈಟ್‌ಫೀಲ್ಡು, ಪುಟ್ಟಪರ್ತಿ ಕಡೆ ಹೋಗಿಬಂದವರಿಗೆ ಇವೆರಡೂ ಬಾಯಿಪಾಠ.

"ಇದು ನಮ್ಮ ಸ್ವಾಮಿ ಮಾತಲ್ವೇನೋ" ಅಂದರು ಅಮ್ಮ. ಸ್ವಲ್ಪ ಹೊತ್ತು ಫೋನು ಕೈಯಲ್ಲೇ ಹಿಡಿದುಕೊಂಡಿದ್ದು, "ಅಲ್ಲಾ, ಕಾರು ಮಾರೋ ಹುಡುಗಂಗೆ ಇದನ್ನ ಯಾರು ಹೇಳಿಕೊಟ್ಟರಂತೆ?"