ಸೋಲಾರ್ ಫಲಕಕ್ಕೆ ಬೇಕಿರುವುದು ಬೆಳಕು, ಸೆಕೆಯಲ್ಲ

‘ಬಿಸಿಲಿನ ಕಾವು ಏರಿದಷ್ಟೂ ಸೋಲಾರ್ ಫಲಕದಿಂದ ಹೆಚ್ಚು ಕರೆಂಟು, ಚಳಿಗಾಲದಲ್ಲಿ ಅದು ದಂಡ’ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಗೊಂದಲ ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಬೆಂಗಳೂರಿನ ತಾರಸಿಗಳ ಮೇಲೆ ನಾವು ಬಹುಕಾಲದಿಂದ ನೋಡುತ್ತಿರುವುದು ಸೋಲಾರ್ ವಾಟರ್ ಹೀಟರ್. ಅದಕ್ಕೆ ಶಾಖವೇ ಬೇಕು. ವಿದ್ಯುತ್ ಫಲಕದ ಕೆಲಸ ಬೇರೆ. ಅದರ ಸಿಲಿಕಾನ್ ಕೋಶಗಳ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಕೋಶದ ಎರಡು ಪದರಗಳ ನಡುವಿನ ವಿದ್ಯುತ್ ಕ್ಷೇತ್ರ ಅವನ್ನು ಒಂದೇ ದಿಕ್ಕಿಗೆ ತಳ್ಳುತ್ತದೆ. ಹೀಗೆ ಹುಟ್ಟಿದ, ಒಂದೇ ದಿಕ್ಕಿನಲ್ಲಿ ಹರಿಯುವ ಡಿಸಿ ವಿದ್ಯುತ್ತನ್ನು ಇನ್ವರ್ಟರ್ 230 ವೋಲ್ಟ್, 50 ಹರ್ಟ್ಸ್‌ನ ಎಸಿಯಾಗಿ (ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತಾಗಿ) ಬದಲಿಸಿದ ಮೇಲೆಯೇ ಮನೆಯ ಮಿಕ್ಸಿ ತಿರುಗುವುದು.

ಶಾಖ ಇಲ್ಲಿ ಶತ್ರು. ಫಲಕದ ಮೇಲೆ ನಮೂದಿಸಿದ ವ್ಯಾಟ್ ಸಾಮರ್ಥ್ಯವನ್ನು ಅಳೆಯುವುದು ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇರುವಾಗ. ಅದರಾಚೆ ಏರುವ ಪ್ರತಿ ಡಿಗ್ರಿಗೂ ಸಾಮಾನ್ಯವಾಗಿ ಶೇ 0.3ರಿಂದ 0.4ರಷ್ಟು ಉತ್ಪಾದನೆ ಕುಸಿಯುತ್ತದೆ. ರಾಯಚೂರಿನ ಮೇ ಮಧ್ಯಾಹ್ನದಲ್ಲಿ ಫಲಕ 65 ಡಿಗ್ರಿ ಮುಟ್ಟಿತೆನ್ನಿ, ನಷ್ಟ ಶೇ 12ರಿಂದ 16! ಅಷ್ಟೇ ಬೆಳಕು ಬಿದ್ದರೆ ಜನವರಿಯ ತಂಪು ದಿನವೇ ಹೆಚ್ಚು ವಿದ್ಯುತ್ ಕೊಡುತ್ತದೆ. ಬೇಸಿಗೆಯಲ್ಲಿ ತಿಂಗಳ ಒಟ್ಟು ಯೂನಿಟ್ ಹೆಚ್ಚಿರಬಹುದು, ನಿಜ. ಅದರ ಶ್ರೇಯ ದೀರ್ಘ ಹಗಲಿಗೆ, ನೆತ್ತಿಯ ಮೇಲಿನ ಸೂರ್ಯನಿಗೆ.

ಹಾಗೆಂದು ನಡುಮಧ್ಯಾಹ್ನ ಫಲಕಕ್ಕೆ ತಣ್ಣೀರು ಸುರಿಯುವ ಸಾಹಸ ಬೇಡ. ಕಾದ ಗಾಜು ಬಿರುಕು ಬಿಡಬಹುದು. ತೊಳೆಯುವುದಿದ್ದರೆ ಬೆಳಿಗ್ಗೆಯೇ ತೊಳೆಯಿರಿ; ಅಳವಡಿಸುವಾಗ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಿಸಿ.